ಮಸ್ಕತ್ತಿನಲ್ಲಿ ಏಳು ಗಂಟೆ

ದೇವರ ಮಣೆಗೆ ಹಾಸುವ ಬಟ್ಟೆ ಒಗೆದು ಹರವುತ್ತಿದ್ದೆ. ಅಂಚಿನ ಹಸಿರು ಕಸೂತಿ ಒಂದು ಕಡೆ ಬಿಚ್ಚಿಕೊಂಡಿತ್ತು. ಅದು ಮೊದಲು ಎದುರುಮನೆ ಅಕ್ಕನ ಟೀವಿಯ ಮೇಲಿದ್ದ ಬಟ್ಟೆ. ಸೂಜಿ ಹುಡುಕಲು ಕೂತವಳು ಅಲ್ಲೇ ಕೂತುಬಿಟ್ಟೆ...

ಅರಕೆರೆಯ ನಮ್ಮ ಬೀದಿಗೆ ಆಗಷ್ಟೇ ಕೇಬಲ್ಲು ಬಂದಿತ್ತು. ಅಕ್ಕನ ಯಜಮಾನರು ಮಸ್ಕತ್ತಿನಲ್ಲಿ ಲಾರಿ ಓಡಿಸುತ್ತಿದ್ದರು. ಒಂದು ಹಿಂದಿ ಸಿನಿಮಾ ಚಾನೆಲ್ಲು ಅಲ್ಲಿಗೂ ಇಲ್ಲಿಗೂ, ಇನ್ನೂ ನಾಲ್ಕಾರು ದೇಶಕ್ಕೂ ಒಟ್ಟಿಗೇ ಬರುತ್ತಿತ್ತು. ಅಕ್ಕನಿಗೆ ಹಿಂದಿ ಒಂದಕ್ಷರ ಬಾರದು. ಆದರೂ ದಿನಾ ಅದೇ. ಸಿನಿಮಾ ಶುರುವಾಗುವ ಮೊದಲು ಎರಡೂ ಊರಿನ ಹೊತ್ತು ಪರದೆಯ ಮೇಲೆ ತೋರಿಸುತ್ತಿದ್ದರು. ನಮ್ಮದು ಎಂಟೂವರೆ, ಅಲ್ಲಿಯದು ಏಳು.

"ನಾವು ಮುದ್ದೆ ತಿರುವೋ ಹೊತ್ಗೆ ಅವ್ರಿಗಿನ್ನೂ ದೀಪ ಅಚ್ಚೋ ಹೊತ್ತು ಕಣವ್ವ. ಅವ್ರೂ ಈಗ ಇದ್ನೇ ನೋಡ್ತಾವ್ರೆ," ಅನ್ನುತ್ತಿದ್ದರು. ಫೋನಿನಲ್ಲಿ ಯಜಮಾನರು ಹಾಗೆ ಹೇಳಿದ್ದರಂತೆ.

ನಡುವೆ ಕರೆಂಟು ಹೋದರೆ ಅಕ್ಕನಿಗೆ ಸಂಕಟ. "ಕತೇನೇ ತಿಳಿಯಲ್ಲ, ಸಂಕಟ ಯಾಕಕ್ಕ?" ಎಂದು ನಗುತ್ತಿದ್ದೆ.

"ಕತೆ ಆಳಾಗೋಗ್ಲಿ. ಪಾಪ, ಅವ್ರೊಬ್ರೇ ನೋಡ್ತಾ ಕೂತವ್ರಲ್ಲಾ!"

ಒಂದು ದಿನ ಕೇಬಲ್ಲಿನವನು ಬಂದು, ಆ ಚಾನೆಲ್ಲು ತೆಗೆದು ದೇವರ ಸಿನಿಮಾಗಳ ಕ್ಯಾಸೆಟ್ಟು ಹಾಕುತ್ತೇನೆ ಎಂದ. ಬೀದಿಯ ಹೆಂಗಸರೆಲ್ಲ ಹೂಂ ಅಂದರು. ನನಗೂ ಆಸೆಯೇ. ಅಕ್ಕ ಮಾತ್ರ ಜಗಲಿಯ ಕಂಬ ಹಿಡಿದು ನಿಂತಿದ್ದರು. "ದೇವ್ರು ಬ್ಯಾಡ ಅಂತ ಎಂಗನ್ಲವ್ವ?" ಎಂದರು, ನನಗಷ್ಟೇ ಕೇಳುವ ಹಾಗೆ.

ನಾನು ಕೇಬಲ್ಲಿನವನನ್ನು ಕರೆದೆ. "ನಮ್ ದೇವ್ರು ನಮ್ಮನೆ ಗೂಡಲ್ಲೇ ಅವ್ನೆ ಕಣಪ್ಪ. ಅಕ್ಕನ ಯಜಮಾನ್ರು ಸಿಗಾದು ಅದೊಂದ್ರಲ್ಲೇ. ತೆಗೀಬ್ಯಾಡ."

"ಅದ್ರಲ್ಲಿ ಅವ್ರೆಲ್ಲಿ ಬತ್ತಾರಕ್ಕ?" ಎಂದು ತಲೆ ಕೆರೆದುಕೊಂಡ. ಆದರೂ ತೆಗೆಯಲಿಲ್ಲ, ದೇವರು ಅವನನ್ನು ಚೆನ್ನಾಗಿಟ್ಟಿರಲಿ. "ದಿನಾ ಪೂಜೆ ಮಾಡೋಳೇ ದೇವ್ರ ಬ್ಯಾಡ ಅಂದ್ಬುಟ್ಲಲ್ಲ!" ಎಂದು ಹೆಂಗಸರು ನಲ್ಲಿಯ ಹತ್ತಿರ ನನ್ನನ್ನು ಬಹಳ ದಿನ ಆಡಿಕೊಂಡರು.

ಯಜಮಾನರು ಕೆಲಸ ಮುಗಿಸಿ ಬಸ್ಸಿಳಿದ ದಿನ, ಅಕ್ಕ ಬೀದಿಗೆಲ್ಲ ಕೇಳುವಂತೆ ಕೇಬಲ್ಲಿನವನನ್ನು ಕೂಗಿದರು. "ಇನ್ಮೇಲೆ ದೇವ್ರನ್ನೇ ಆಕ್ಲಾ! ನಮ್ಮೋರು ಬಂದ್ಬುಟ್ರು!" ಅದೇ ಸಂಜೆ ಈ ಬಟ್ಟೆಯನ್ನು ಮಡಿಸಿ ತಂದರು. "ಟೀವಿಗ್ಯಾಕೆ ಬುಡು, ನಿನ್ ದೇವ್ರಿಗಿರ್ಲಿ."

ಅಕ್ಕ ತೀರಿಕೊಂಡು ಈಗ ವರ್ಷವಾಯಿತು. ಬಿಚ್ಚಿದ ಅಂಚು ಹೊಲಿದು, ಬಟ್ಟೆಯನ್ನು ಮಣೆಗೆ ಹಾಸಿ, ಸಂಜೆ ದೀಪ ಹಚ್ಚಿದೆ. ಇಲ್ಲಿ ಏಳು ಗಂಟೆ. ಅಕ್ಕ ಇರುವಲ್ಲಿ ಈಗ ಎಷ್ಟು ಗಂಟೆಯೋ...