ಆರಾಮ ಇಲ್ಲ ಎಂದು ಹೇಳಲು ಕಲಿತದ್ದು

ಈ ದೇಶದಲ್ಲಿ ಒಂದು ಔಷಧಿ ಸಿಗಬೇಕಾದರೆ ಮೊದಲು ಇನ್ನೊಂದು ಔಷಧಿ ಸೋಲಬೇಕು. ಫೋನಿನಲ್ಲಿ ಇದನ್ನು ಹೇಳಿದ ವಿಮಾ ಕಂಪನಿಯ ಹೆಂಗಸಿನ ದನಿಯಲ್ಲಿ ಒರಟುತನವಿರಲಿಲ್ಲ. ನಾನು ಮತ್ತೆ ಕೇಳಿದೆ. ಆಕೆ ಅಷ್ಟೇ ಮೆತ್ತಗೆ ವಿವರಿಸಿದಳು: ಅಗ್ಗದ ಗುಳಿಗೆಯಿಂದ ನಿಮ್ಮ ಯಜಮಾನರಿಗೆ ಉಪಯೋಗವಾಗಲಿಲ್ಲ ಎಂಬುದಕ್ಕೆ ಪುರಾವೆ ಬೇಕು.

ಇವರದು ಶ್ವಾಸಕೋಶ ಗಟ್ಟಿಯಾಗುತ್ತ ಹೋಗುವ ಕಾಯಿಲೆ. ಗಟ್ಟಿಯಾದದ್ದು ಮತ್ತೆ ಮೆದುವಾಗುವುದಿಲ್ಲ; ಔಷಧಿ ಅದನ್ನು ನಿಧಾನ ಮಾಡಬಹುದು, ಅಷ್ಟೇ. ಹ್ಯೂಸ್ಟನ್ನಿನ ಕ್ಲಿಯರ್ ಲೇಕ್‌ನಲ್ಲಿ ಎಂಜಿನಿಯರಾಗಿ ದುಡಿದು ನಿವೃತ್ತರಾದ ಇವರನ್ನು ಕರೆದುಕೊಂಡು, ಕಳೆದ ವರ್ಷ ಫ್ರಿಸ್ಕೋದಲ್ಲಿರುವ ಮಗಳು ಸ್ಮಿತಾಳ ಮನೆಗೆ ಶಿಫ್ಟ್ ಆದೆ. ಇಲ್ಲಿ ಎಲ್ಲ ಮನೆಗಳೂ ಹೊಸವು. ರಸ್ತೆಬದಿಯ ಗಿಡಗಳಿಗೆ ಇನ್ನೂ ಕೋಲು ಕಟ್ಟಿದ್ದಾರೆ. ಆ ರಸ್ತೆಗಳು ಬೇಗ ಪರಿಚಯವಾದವು. ಆಗದೆ ಉಳಿದದ್ದು ಮೆಡಿಕೇರ್. ಅರವತ್ತೈದು ದಾಟಿದವರಿಗೆ ಸರ್ಕಾರದ ವಿಮೆ ಅದು. ಔಷಧಿಗೆ ಮಾತ್ರ ಬೇರೆ ಪ್ಲಾನ್, ಅದನ್ನು ನಡೆಸುವುದು ಖಾಸಗಿ ಕಂಪನಿ. ವರ್ಷಕ್ಕೆ ಇಷ್ಟಕ್ಕಿಂತ ಹೆಚ್ಚು ಕೈಯಿಂದ ಕೊಡಬೇಕಿಲ್ಲ ಎಂಬ ಮಿತಿ ಬಂದಿದೆ ಎಂದು ಓದಿ ಸಮಾಧಾನಪಟ್ಟಿದ್ದೆ. ಆ ಮಿತಿ ಪ್ಲಾನ್ ಒಪ್ಪಿದ ಔಷಧಿಗೆ ಮಾತ್ರ. ಒಪ್ಪದಿದ್ದರೆ ಪೂರ್ತಿ ಬೆಲೆ ನಮ್ಮದು. ಒಂದು ತಿಂಗಳ ಡಬ್ಬಿಗೆ ಇವರ ಹಲವು ತಿಂಗಳ ಪಿಂಚಣಿ.

ಅಗ್ಗದ ಗುಳಿಗೆ ಶುರುವಾದ ಮೇಲೆ ಇವರಿಗೆ ಅನ್ನದ ವಾಸನೆಯೂ ಸೇರದಾಯಿತು. ಬಚ್ಚಲಿಗೆ ಹೋಗಿ ಬರುವಾಗ ಗೋಡೆ ಹಿಡಿಯುತ್ತಿದ್ದರು. ಡಾಕ್ಟರ್ ಬೇರೆ ಕ್ಯಾಪ್ಸೂಲ್ ಬರೆದರು. ಪ್ಲಾನ್ ನಿರಾಕರಿಸಿತು. ಪ್ರತಿ ಭೇಟಿಯಲ್ಲೂ ನರ್ಸ್ ಹೇಗಿದ್ದೀರಿ ಎಂದು ಕೇಳಿದ್ದಾಳೆ, ಪ್ರತಿ ಸಲವೂ ಇವರು ಫೈನ್ ಎಂದಿದ್ದಾರೆ. ಹಾಗಾಗಿ ಪ್ಲಾನಿನ ಲೆಕ್ಕದಲ್ಲಿ ಗುಳಿಗೆ ಒಗ್ಗಿದೆ.

ಹುಬ್ಬಳ್ಳಿಯ ನಮ್ಮ ಡಾಕ್ಟರು ಆರಾಮ ಎಂದವನನ್ನು ಬಿಟ್ಟು ಅವನ ಹೆಂಡತಿಯ ಮುಖ ನೋಡುತ್ತಿದ್ದರು. ಇಲ್ಲಿಯೂ ನಾನು ಹಿಂದೆಯೇ ಕೂತಿದ್ದೆ. ನರ್ಸ್ ಕಂಪ್ಯೂಟರ್ ನೋಡುತ್ತಿದ್ದಳು.

“ಅಪ್ಪಾ, ಫೈನ್ ಅನಬ್ಯಾಡ್ರಿ. ಅವರು ಅದನ್ನ ನೋಟ್ ಮಾಡ್ಕೋತಾರ,” ಎಂದಳು ಸ್ಮಿತಾ.

“ಪಾಪ, ಆ ಹುಡುಗಿ ನಕ್ಕೋತ ಕೇಳ್ತಾಳ. ಆಕಿ ಮುಂದ ಅಳ್ಕೋತ ಕೂಡ್ಲೇನು?”

“ಅಳಬ್ಯಾಡ್ರಿ. ಖರೇ ಹೇಳ್ರಿ, ಸಾಕು.”

ಅಡುಗೆಮನೆಯಲ್ಲಿ ಅಭ್ಯಾಸ ಮಾಡಿಸಿದೆವು. ಸ್ಮಿತಾ ನರ್ಸಿನಂತೆ ಇಂಗ್ಲಿಷಿನಲ್ಲಿ ಕೇಳುವುದು, ಇವರು ಉತ್ತರ ಕೊಡುವುದು. ಮೊದಲ ಸಲ ಇವರಿಗೆ ನಗು ಬಂತು, ನಗುವಿನ ಹಿಂದೆ ಕೆಮ್ಮು. ಮುಂದಿನ ಭೇಟಿಯಲ್ಲಿ, ಉಣ್ಣಲು ಆಗುತ್ತಿಲ್ಲ, ನಡೆಯಲು ಆಗುತ್ತಿಲ್ಲ ಎಂದು ಹೇಳಿಯೇ ಹೇಳಿದರು. ಹೇಳುವಾಗ ಸಾಲ ಕೇಳುವವರ ಹಾಗೆ ನೆಲ ನೋಡುತ್ತಿದ್ದರು.

ಆ ಮಾತು ಸೇರಿಸಿ ಡಾಕ್ಟರ್ ಪ್ಲಾನಿಗೆ ಹಾಕಿದ ಮೇಲ್ಮನವಿಯೂ ಬಿದ್ದುಹೋಯಿತು. ಒಂದು ಭೇಟಿಯ ಮಾತು ಸಾಲದಂತೆ. ಅಷ್ಟರಲ್ಲಿ ಉಸಿರಿನ ಪರೀಕ್ಷೆಯ ಅಂಕಿ ಇನ್ನೂ ಕೆಳಗಿಳಿದಿತ್ತು. ಮೂಗಿಗೆ ಆಮ್ಲಜನಕದ ನಳಿಕೆ ಬಂತು. ಮತ್ತೊಮ್ಮೆ ಅರ್ಜಿ ಹಾಕೋಣ, ಈಗ ನಮ್ಮ ಬಳಿ ಪುರಾವೆ ಇದೆ ಎಂದರು ಡಾಕ್ಟರ್. ಅವರೂ ಸಂತೋಷದಿಂದ ಹೇಳಲಿಲ್ಲ. ಹೋದ ಉಸಿರೇ ಆ ಪುರಾವೆ.

ಅದೇ ಔಷಧಿ ಹುಬ್ಬಳ್ಳಿಯಲ್ಲಿ ನಮ್ಮವರೇ ತಯಾರಿಸಿದ್ದು ಸಿಗುತ್ತದೆ, ನಮ್ಮ ಕೈಗೆಟಕುವ ಬೆಲೆಗೆ. ಅಂಚೆಯಲ್ಲಿ ತರಿಸಿಕೊಳ್ಳಲು ಇಲ್ಲಿನ ಕಾನೂನು ಬಿಡುವುದಿಲ್ಲ. ಇವರ ತಂಗಿ ಕಮಲಾ ಅಂಗಡಿಗೆ ಹೋಗಿ ವಿಚಾರಿಸಿ, ಬಂದುಬಿಡಿ ಎಂದಳು. ಈ ಉಸಿರಿನಲ್ಲಿ ಅಷ್ಟು ದೂರದ ವಿಮಾನ ಬೇಡವೇ ಬೇಡ ಎಂದರು ಡಾಕ್ಟರ್. ನಾನು ಇವರಿಗೆ ಅದನ್ನೇ ಹೇಳಿದೆ. ಕಮಲಾಳಿಗೆ ಮಾತ್ರ, ಬೇಸಿಗೆ ಕಳೆಯಲಿ ನೋಡೋಣ ಎಂದೆ.

ಕಳೆದ ಭಾನುವಾರ ಆಕೆಯ ವಿಡಿಯೊ ಕರೆ ಬಂತು. ಎತ್ತುವ ಮೊದಲು ಇವರು ನಳಿಕೆ ತೆಗೆದು ನನ್ನ ಕೈಗೆ ಕೊಟ್ಟರು, ಕೂದಲು ಸರಿ ಮಾಡಿಕೊಂಡರು.

“ಅಣ್ಣಾ, ಆರಾಮ ಅದೀಯಿಲ್ಲೋ?”

ಇವರು ಒಮ್ಮೆ ನನ್ನ ಕಡೆ ನೋಡಿದರು.

“ಆರಾಮ ಅದೀನಿ. ನೀ ಹೆಂಗದೀ?”

ಸ್ಮಿತಾ ಎದ್ದು ಒಳಗೆ ಹೋದಳು. ಕರೆ ಮುಗಿಯುವವರೆಗೆ ನಾನು ಕ್ಯಾಮೆರಾಕ್ಕೆ ಕಾಣದಂತೆ ಪಕ್ಕದಲ್ಲಿ ಕೂತಿದ್ದೆ. ನಳಿಕೆಯ ಗಾಳಿ ನನ್ನ ಅಂಗೈಗೆ ತಣ್ಣಗೆ ತಾಗುತ್ತಿತ್ತು.