ಮಣೆಯ ಮೇಲಿಟ್ಟು ಓದುವ ಪುಸ್ತಕ

ಹಾಸನದ ಅಚ್ಚುಕೂಟದಿಂದ ಬಂದ ಪ್ರೂಫು ಹಾಳೆಗಳನ್ನು ಗುರುಸಿದ್ದಮ್ಮ ಒಮ್ಮೆ ನೋಡಿದಳು. ಬಾಗಿಲ ಬೆಳಕಿಗೆ ಹೋಗಿ ಇನ್ನೊಮ್ಮೆ ನೋಡಿದಳು. ಆಮೇಲೆ ಅವನ್ನು ಮಡಿಚಿ ಚೀಲಕ್ಕೆ ತುರುಕಿ, ಕುದಿಯುತ್ತಿದ್ದ ಸಾರನ್ನು ಒಲೆಯಿಂದಿಳಿಸಿ, ಮನೆಗೆ ಬೀಗ ಹಾಕಿಕೊಂಡು ಹೊಳೆನರಸೀಪುರದ ರೈಲು ಸ್ಟೇಷನ್ನಿನತ್ತ ನಡೆದಳು. ಎದುರು ಸಿಕ್ಕವರು ಮಾತಾಡಿಸಿದರೂ ಅವಳು ನಿಲ್ಲಲಿಲ್ಲ.

ಪುಸ್ತಕದ ಹೊದಿಕೆಯ ಮೇಲೆ ಬಳ್ಳಿಹೂವಿನ ಚೌಕಟ್ಟು. ಅದರೊಳಗೆ ಮದುವೆ ಕಾಗದಕ್ಕೆ ಹಾಕುವ ಕೊಬ್ಬಿದ ಅಚ್ಚುಮೊಳೆಗಳಲ್ಲಿ ಅವಳ ತಮ್ಮ, ಚನ್ನರಾಯಪಟ್ಟಣದ ಕೊಬ್ಬರಿ ಮಂಡಿ ಷಡಕ್ಷರಿಯ ಹೆಸರು. ಒಳಗೆ ಅವನದೇ ಉದ್ದನೆಯ ಮುನ್ನುಡಿ, ಅದೂ ದೊಡ್ಡ ಅಕ್ಷರದಲ್ಲಿ. ಅವ್ವ ಹಾಡುತ್ತಿದ್ದ ಹಾಡುಗಳು ಅದರ ಹಿಂದೆ, ಸಾಸಿವೆ ಚೆಲ್ಲಿದ ಹಾಗೆ.

ಅವ್ವ ಬಸವಲಿಂಗಮ್ಮ ತೀರಿಕೊಂಡು ವರ್ಷ ತುಂಬುತ್ತ ಬಂದಿತ್ತು. ವರ್ಷದ ಗಣಾರಾಧನೆಗೆ ಬಂದವರಿಗೆಲ್ಲ ಹಾಡಿನ ಪುಸ್ತಕ ಹಂಚುವುದೆಂದು ಅಕ್ಕತಮ್ಮ ಇಬ್ಬರೂ ಒಪ್ಪಿದ್ದರು. ಹಾಡುಗಳನ್ನು ಬರೆದುಕೊಟ್ಟವಳು ಗುರುಸಿದ್ದಮ್ಮ. ಇನ್ನೂ ಹುಡುಗಿಯಾಗಿದ್ದಾಗಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳಿಗೆ, ಅವ್ವನೇ ನೆಲದ ಮೇಲೆ ಬೂದಿ ಹರಡಿ ಬೆರಳಿನಲ್ಲಿ ಅಕ್ಷರ ತಿದ್ದಿಸಿದ್ದಳು. ಅಂದಿನಿಂದ ತಾಯಿ ಮಗಳು ಬೆಳಗಾದರೆ ಅಕ್ಕಪಕ್ಕ ಕೂತು ಲಿಂಗಪೂಜೆ ಮಾಡುವರು. ಎಡ ಅಂಗೈಯಲ್ಲಿ ಲಿಂಗ, ಬಲಗೈಯಲ್ಲಿ ಪತ್ರೆ, ಎದುರಿನ ಮಣೆಯ ಮೇಲೆ ಒಂದು ಹಳೆಯ ಹಾಡಿನ ಪುಸ್ತಕ.

ಅವ್ವನ ಕಣ್ಣಿಗೆ ಪೊರೆ ಬಂದ ಮೇಲೆ ಮಣೆಯ ಮೇಲಿನ ಸಣ್ಣ ಅಕ್ಷರ ಕಾಣದಾಯಿತು. ಒಂದು ಬೆಳಿಗ್ಗೆ ಅವಳು ಬಲಗೈಯಿಂದ ಪುಸ್ತಕವನ್ನು ಎತ್ತಿ ಕಣ್ಣಿಗೆ ಹಿಡಿದಳು. ಹಿಡಿಯುವಾಗ ಎಡಗೈ ವಾಲಿತು. ಲಿಂಗ ಜಾರಿ ಮಡಿಲಿಗೆ ಬಿತ್ತು. ಅಪಚಾರವಾಯಿತೆಂದು, ಮಠದ ಅಯ್ಯನವರು ಬಂದು ಸಮಾಧಾನ ಹೇಳುವವರೆಗೂ ಅವಳು ಬಾಯಿಗೆ ನೀರು ಹಾಕಲಿಲ್ಲ. ಷಡಕ್ಷರಿ ಮೈಸೂರಿನಿಂದ ಕನ್ನಡಕ ತರಿಸಿದ; ಅದರಿಂದ ಕಿವಿಗೆ ಭಾರವಾಯಿತೇ ಹೊರತು ಪೊರೆಗಣ್ಣಿಗೆ ಏನೂ ಆಗಲಿಲ್ಲ. ಅವ್ವ ಪುಸ್ತಕವನ್ನು ಗೂಡಿನಲ್ಲಿಟ್ಟವಳು ಮತ್ತೆ ಮುಟ್ಟಲಿಲ್ಲ. ಬಾಯಿಪಾಠದ ಹಾಡು ನಡುವೆ ಮರೆತುಹೋಗಿ, ಲಿಂಗವನ್ನೇ ನೋಡುತ್ತ ಸುಮ್ಮನೆ ಕೂತಿರುವಳು. ಪಕ್ಕದಲ್ಲಿ ಕೂತ ಮಗಳಿಗೆ ಆ ಮೌನವನ್ನು ಸಹಿಸಲಾಗುತ್ತಿರಲಿಲ್ಲ.

ಗುರುಸಿದ್ದಮ್ಮ ರೈಲಿಳಿದು ಹೋದರೆ ಅಚ್ಚುಕೂಟದಲ್ಲಿ ಷಡಕ್ಷರಿಯೇ ಇದ್ದ. ಅವ್ವನ ಫೋಟೋದ ಅಚ್ಚು ನೋಡಲು ಪೆಟ್ರೋಲು ಸಿಗದ ಯುದ್ಧಕಾಲದ ಇದ್ದಿಲು ಬಸ್ಸಿನಲ್ಲಿ ಬಂದವನು ಮುಖದ ಮಸಿ ಒರೆಸಿಕೊಳ್ಳುತ್ತಿದ್ದ.

“ಏನಕ್ಕಾ, ಯೋಳ್ಕಳ್ಸಿದ್ರೆ ನಾನೇ ಬತ್ತಿದ್ನಲ್ಲ!”

“ಈ ಇರುವೆ ಸಾಲು ಯಾರಿಗಪ್ಪಾ ಅಚ್ಚಾಕ್ಸಿರೋದು?”

“ಯುದ್ಧ ಕಣಕ್ಕಾ. ಕಾಗದ ಎಲ್ಲೈತೆ? ಇಷ್ಟಕ್ಕೇ ಯಾರ್‍ಯಾರ ಕಾಲು ಹಿಡ್ದಿದೀನೋ ನಂಗೇ ಗೊತ್ತು. ಸಣ್ಣ ಮೊಳೆಲಾದ್ರೆ ಎಲ್ಲಾ ಹಾಡೂ ಹಿಡೀತವೆ.”

“ನಿನ್ನ ಮುನ್ನುಡಿಗೆ ಯುದ್ಧ ಇಲ್ವಾ?”

ಮೊಳೆ ಜೋಡಿಸುತ್ತಿದ್ದ ಮರಿಯಣ್ಣ ಕೆಮ್ಮಿದ ಹಾಗೆ ಮಾಡಿ ಗೋಡೆಯ ಕಡೆ ತಿರುಗಿಕೊಂಡ.

“ಯಾಕಿಷ್ಟು ಸಿಟ್ಟು? ಕೈಲಿ ಎತ್ಕಂಡು ಕಣ್ಣ ಹತ್ರ ಹಿಡ್ಕಂಡ್ರೆ ಓದ್ಕೋಬೋದು, ಬುಡು.”

“ಯಾವ ಕೈಲಿ?”

ಷಡಕ್ಷರಿ ಮತ್ತೆ ಮುಖ ಒರೆಸಿಕೊಳ್ಳತೊಡಗಿದ.

“ಕೇಳ್ತಾ ಇದೀನಲ್ಲ, ಯಾವ ಕೈಲಿ? ಅವ್ವನೂ ಹಂಗೇ ಎತ್ಕಂಡಿದ್ಲು. ಆಮೇಲೇನಾಯ್ತು, ಹೇಳು ಇವರ ಮುಂದೆ.”

ಅವಳು ಮಸಿ ಮೆತ್ತಿದ ನೆಲದ ಮೇಲೆಯೇ ಕೂತುಬಿಟ್ಟಳು. “ಮರಿಯಣ್ಣ, ನಿನ್ನ ಹತ್ರ ಇರೋ ಮೊಳೆಲೆಲ್ಲ ಅವ್ವನ ಒಂದೊಂದು ಸಾಲು ಅಚ್ಚೊತ್ತಿ ಇಲ್ಲಿ ಹಾಕಪ್ಪ,” ಎಂದಳು. ಪೂಜೆಗೆ ಕೂತಂತೆ ಎಡಗೈಯನ್ನು ಎದೆಯ ಮಟ್ಟಕ್ಕೆ ಹಿಡಿದಳು, ಬರಿಯ ಅಂಗೈ. ಬೆನ್ನು ಬಗ್ಗಿಸಲಿಲ್ಲ. ಒಂದೊಂದೇ ಹಾಳೆ ಎದುರಿಗೆ ಬಂತು. ಸಣ್ಣ ಮೊಳೆಯದು ಕಾಣಲೇ ಇಲ್ಲ. ಮದುವೆ ಮೊಳೆಯದು ದೊಡ್ಡದೇನೋ ಹೌದು, ಆದರೆ ಯುದ್ಧಕಾಲದ ಒರಟು ಕಾಗದ ಮಸಿ ಹೀರಿ ಒತ್ತಕ್ಷರಗಳೆಲ್ಲ ಮುದ್ದೆಯಾಗಿದ್ದವು. ಕೊನೆಯದನ್ನು ಅವಳು ನಿಲ್ಲದೆ ಓದಿದಳು.

“ಇದು.”

“ಅದು ಒಂದನೇ ಕ್ಲಾಸಿನ ಮಕ್ಕಳ ಪುಸ್ತಕದ ಮೊಳೆ ಕಣಕ್ಕಾ!” ಷಡಕ್ಷರಿ ಹಣೆ ಚಚ್ಚಿಕೊಂಡ. “ಮಂಡಿಯೋರೆಲ್ಲ ನಗ್ತಾರೆ. ನನ್ನ ಹೆಸರು ಹಾಕ್ಕಂಡು ಇಂಥ ಪುಸ್ತಕ ಹಂಚ್ಲಾ?”

“ಹೆಸರು ತೆಗ್ಸು.”

“ಹಂಗಾದ್ರೆ ಕಾಗದಾನೂ ಎತ್ತಿಸ್ಕಂಡು ಓಗ್ತೀನಿ!”

“ಎತ್ಸು. ಅವ್ವನ ಕಾಗದದಾಗೆ ಕೊಬ್ಬರಿ ಕಟ್ಟು.”

ಅವನು ಬಾಗಿಲವರೆಗೆ ಹೋದ, ನಿಂತ, ಮೂಲೆಯ ಕಾಗದದ ಕಟ್ಟಿನ ಕಡೆ ನೋಡಿದ. ಕಟ್ಟನ್ನು ಮುಟ್ಟದೆ ಕೊಡೆ ಎತ್ತಿಕೊಂಡು ಹೊರಟುಹೋದ.

ಮರಿಯಣ್ಣ ತಲೆ ಕೆರೆದುಕೊಂಡ. “ಅಮ್ಮಾರೇ, ಮುನ್ನುಡಿ ಕಿತ್ತಾಕಿದ್ರೂ ಈ ಮೊಳೆಲಿ ಅರ್ಧ ಹಾಡು ಹಿಡಿಯಾಕಿಲ್ಲ. ಮೊಳೆನೂ ಕಮ್ಮಿ. ಎರಡು ಪುಟ ಅಚ್ಚಾಕಿ, ಬಿಚ್ಚಿ, ಅದೇ ಮೊಳೆಲಿ ಮುಂದಿಂದು ಜೋಡಿಸ್ಬೇಕು. ಆರಾಧನೆ ಹೊತ್ಗೆ ಆಗೋದು ಕಷ್ಟ.”

“ಬಿಚ್ಚಿದ ಮೊಳೆ ನಾನು ಪೆಟ್ಟಿಗೇಲಿ ಆಯಾ ಅಕ್ಷರದ ಮನೆಗೆ ಹಾಕ್ಕೊಡ್ತೀನಿ. ತೋರಿಸ್ಕೊಡು.”

ಹಾಡುಗಳನ್ನು ಬಿಡಬೇಕಾದಾಗ ಅವಳ ಸಿಟ್ಟಿಗೆ ದಿಕ್ಕಿಲ್ಲದಾಯಿತು. ಯುದ್ಧದ ಮೇಲೆ, ಕಾಗದದ ಮೇಲೆ, ತಮ್ಮನ ಮೇಲೆ ಹಲ್ಲು ಕಚ್ಚುತ್ತ ಒಂದೊಂದನ್ನೇ ಹೊಡೆದುಹಾಕಿದಳು. ತಾನು ದಿನವೂ ಹಾಡಿಕೊಳ್ಳುತ್ತಿದ್ದುದನ್ನೇ ಮೊದಲು ತೆಗೆದಳು. ಅವ್ವ ನಡುವೆ ಮರೆತು ನಿಲ್ಲುತ್ತಿದ್ದವು ಮಾತ್ರ ಒಂದೂ ಬಿಡದೆ ಉಳಿದವು. ಆರಾಧನೆಯವರೆಗೂ ಹಾಸನದಲ್ಲಿ ನೆಂಟರ ಮನೆಯಲ್ಲಿದ್ದುಕೊಂಡು ಮೊಳೆ ವಿಂಗಡಿಸಿದಳು. ಬೆರಳಿನ ಮಸಿ ಸೀಗೆಕಾಯಿಗೂ ಹೋಗಲಿಲ್ಲ.

ಆರಾಧನೆಯ ಬೆಳಿಗ್ಗೆ ಹೊಳೆನರಸೀಪುರದ ಮನೆಯ ಪಡಸಾಲೆಯಲ್ಲಿ ಹೆಂಗಸರು ಸಾಲಾಗಿ ಪೂಜೆಗೆ ಕೂತರು. ಹಳ್ಳಿಮೈಸೂರಿನಿಂದ ಬಂದಿದ್ದ ಸೋದರತ್ತೆ ಸುವರ್ಣಮ್ಮನಿಗೂ ಪೊರೆಗಣ್ಣು. ಎಲ್ಲರಂತೆ ಅವಳೂ ಪುಸ್ತಕವನ್ನು ಮಣೆಯ ಮೇಲೆ ತೆರೆದಿಟ್ಟಳು. ಎಡ ಅಂಗೈ ಅಲುಗಲಿಲ್ಲ. ಮೊದಲ ಸಾಲನ್ನು ತಡವರಿಸಿ, ಎರಡನೆಯದನ್ನು ರಾಗವಾಗಿ ಹಾಡಿದಳು. ಬಲಗೈ ಬೆರಳಿನಿಂದ ಹಾಳೆ ಮಗುಚಿ ಮುಂದಿನದನ್ನೂ ಹಾಡಿದಳು.

ಬಾಗಿಲಲ್ಲಿ ನಿಂತಿದ್ದ ಷಡಕ್ಷರಿ ಪೂಜೆ ಮುಗಿಯುವವರೆಗೂ ಕದಲಲಿಲ್ಲ. ಆಮೇಲೆ ಅಕ್ಕನ ಹತ್ತಿರ ಬಂದು, “ಅತ್ತೆಗೆ ಕಾಣ್ತೈತೆ ಕಣಕ್ಕಾ,” ಎಂದ.

ಗುರುಸಿದ್ದಮ್ಮನ ಸಿಟ್ಟು ಇಳಿದಿರಲಿಲ್ಲ. ಇದೇ ಪುಸ್ತಕ, ಇದೇ ಮಣೆ, ಅವ್ವ ಬದುಕಿದ್ದಾಗ ಆಗಬಹುದಿತ್ತು. ಲಿಂಗವನ್ನು ಕೊರಳಿನ ಕರಡಿಗೆಯಲ್ಲಿಟ್ಟು ಕಣ್ಣಿಗೊತ್ತಿಕೊಂಡು ಎದ್ದಳು.

“ಇನ್ನೂ ಅರ್ಧ ಹಾಡು ಮಿಕ್ಕವೆ,” ಎಂದಳು. “ಇನ್ಯಾರ್ದಾದ್ರೂ ಕಾಲು ಹಿಡಿ. ಕಾಗದ ತಾ.”