ಕಾಕು ಉಸಿರೆಳೆಯುತ್ತಿದ್ದ ಜಾಗಗಳು

ಕಾಕು ತೀರಿಕೊಂಡ ಮೇಲೆ ಮೊದಲ ಸಲ ತಾಲೀಮು ಇಟ್ಟುಕೊಂಡ ಭಾನುವಾರ ನಾನು ತಡವಾಗಿ ಹೋದೆ. ನಾಶಿಕ ರೋಡ್ ಬಡಾವಣೆಯಲ್ಲಿ ಹಾರ್ಡ್‌ವೇರ್ ಅಂಗಡಿಯ ಮೇಲೆ ನಮ್ಮದೊಂದು ಬಾಡಿಗೆ ಹಾಲ್ ಇದೆ. ಮೆಟ್ಟಿಲು ಅರ್ಧ ಹತ್ತಿರಬೇಕು, ಮೇಲಿನಿಂದ ಕಾಕು ಮಾತಾಡುವುದು ಕೇಳಿಸಿತು. ಅದೇ ರಾಗ, ಮಾತಿನ ನಡುವೆ ಅದೇ ನಿಲುಗಡೆ, ಸಾಲಿನ ಕೊನೆಗೆ ಅದೇ ಎಳೆತ. ಮೈ ಜುಮ್ಮೆಂದಿತು. ಮಟಮಟ ಮಧ್ಯಾಹ್ನ, ಕೆಳಗೆ ಅಂಗಡಿಯವನು ಪೈಪು ಕತ್ತರಿಸುತ್ತಿದ್ದಾನೆ, ನಾನು ಬ್ಯಾಂಕಿನಲ್ಲಿ ಅಧಿಕಾರಿ, ದೆವ್ವ ಗಿವ್ವ ಎಂದವರನ್ನು ಬೈದು ಕಳಿಸುವವಳು. ಆದರೂ ಕಂಬಿ ಹಿಡಿದು ನಿಂತೇಬಿಟ್ಟೆ. ಧೈರ್ಯ ಮಾಡಿ ಮೇಲೆ ಹೋದರೆ, ಹತ್ತು ವರ್ಷದ ಹುಡುಗಿಯೊಬ್ಬಳು ತನ್ನ ಪಾತ್ರದ ಮಾತು ಹೇಳುತ್ತಿದ್ದಳು.

ನಮ್ಮದು ಮಕ್ಕಳ ಕನ್ನಡ ನಾಟಕದ ತಂಡ. ವರ್ಗವಾಗಿ ಬಂದ ಬ್ಯಾಂಕಿನವರು, ಕೇಂದ್ರ ಸರ್ಕಾರದ ನೌಕರರು, ಬೀದರ ಕಲಬುರಗಿಯಿಂದ ಬಂದು ಅಂಗಡಿ ಹಾಕಿದವರು, ಇವರೆಲ್ಲರ ಮಕ್ಕಳು. ಮನೆಯಲ್ಲಿ ಕನ್ನಡ ಕೇಳಿಸಿಕೊಂಡು ಮರಾಠಿಯಲ್ಲಿ ಉತ್ತರ ಕೊಡುವ ಜಾತಿ. ಕನ್ನಡ ಅಕ್ಷರ ತೋರಿಸಿದರೆ ಜಿಲೇಬಿ ನೋಡಿದ ಹಾಗೆ ನೋಡುತ್ತವೆ. ಈ ಮಂದೆಯನ್ನು ಕಟ್ಟಿಕೊಂಡು ನಾಟಕ ಆಡಿಸಿದವರು ಕಾಕು. ಬೀದರ ಕಡೆಯ ಹೆಂಗಸು, ಮರಾಠಿಯ ರೂಢಿಯಲ್ಲಿ ಎಲ್ಲರ ಬಾಯಲ್ಲೂ ಕಾಕು, ಅಂದರೆ ಚಿಕ್ಕಮ್ಮ. ಅವರ ನಾಟಕ ಕಾಗದದ ಮೇಲೆ ಇರುತ್ತಿರಲಿಲ್ಲ. ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಒಂದೊಂದು ಮಾತು ಹೇಳಿ, ಅವರಿಂದ ಹೇಳಿಸಿ, ಮತ್ತೆ ಹೇಳಿಸಿ ಬಾಯಿಗೆ ಕೂಡಿಸುತ್ತಿದ್ದರು. ಕೊನೆಯದಾಗಿ ಕಲಿಸಿದ್ದು ಜಿಪುಣ ಸಾವ್ಕಾರನ ಮನೆಗೆ ಬೀಗರು ಬರುವ ನಾಟಕ. ಪೂರ್ತಿ ಕಲಿಸಿ ಮುಗಿಸಿದ್ದರು. ಆಡುವುದೊಂದು ಬಾಕಿ ಇತ್ತು, ಅಷ್ಟರಲ್ಲಿ ಹೋಗಿಬಿಟ್ಟರು.

ಅವರ ಯಜಮಾನರು, ನಮಗೆಲ್ಲ ಕಾಕಾ, ದೇವಳಾಲಿ ಮಿಲಿಟರಿ ಕ್ಯಾಂಪಿನ ಲೆಕ್ಕಪತ್ರದ ಕಚೇರಿಯಲ್ಲಿದ್ದು ನಿವೃತ್ತರಾದವರು. ಹೆಂಡತಿ ಹೋದ ಮೇಲೂ ಭಾನುವಾರ ತಪ್ಪಿಸಲಿಲ್ಲ. ಕ್ಯಾಂಪಿನಿಂದ ಶೇರ್ ರಿಕ್ಷಾ ಹತ್ತಿ ಬರುವುದು, ಹಿಂದಿನ ಗೋಡೆಗೆ ಕುರ್ಚಿ ಆನಿಸಿ ಕಣ್ಣು ಮುಚ್ಚುವುದು. ಪಾಪ, ರಾತ್ರಿ ನಿದ್ದೆ ಇಲ್ಲದೆ ಇಲ್ಲಿ ಬಂದು ತೂಕಡಿಸುತ್ತಾರೆ ಎಂದುಕೊಂಡಿದ್ದೆ. ಒಂದು ದಿನ ಚಹಾ ಕೊಡಲು ಹೋದರೆ ಕೈ ಎತ್ತಿ ತಡೆದರು.

"ತಡಿ ತಂಗೀ, ಮಾತಾಡ್ಲಾಕತ್ತಾಳ."

"ಯಾರ್ರಿ ಕಾಕಾ?"

ಅವರು ಕಣ್ಣು ತೆರೆದರು. ನಾಚಿಕೊಂಡರು. ಆಮೇಲೆ ತಾವೇ ಹೇಳಿದರು: "ಫೋನಿನ್ಯಾಗ ಆಕಿದು ಒಂದ ವಿಡಿಯೋ ಅದ. ಅದರಾಗೂ 'ಸಾಕ್ರಿ, ಬಂದ್ ಮಾಡ್ರಿ' ಅಂತ ಕೈ ಅಡ್ಡ ಹಿಡದಾಳ. ಅಷ್ಟ ಐತಿ ನೋಡವ್ವಾ ನನ್ನ ಹಂತ್ಯಾಕ. ಇಲ್ಲಿ ಬಂದ್ರ ತಾಸಗಟ್ಲೆ ಕೇಳಸ್ತದ. ಏನೂ ಬದಲ್ ಮಾಡಬ್ಯಾಡ್ರಿ, ಹಾಂ?"

ಇಲ್ಲ ಕಾಕಾ, ಎಂದೆ.

ಇತ್ತ ತಂಡದ ಹಿರಿಯರೆಲ್ಲ ಸೇರಿ ಉಸ್ತುವಾರಿಯನ್ನು ನನ್ನ ಕೊರಳಿಗೆ ಕಟ್ಟಿದರು. "ಬ್ಯಾಂಕ್ ನಡಸ್ತೀರಿ, ನಾಟಕ ನಡಸೋದೇನ್ ದೊಡ್ಡದ್ರಿ ನಿಮಗ?" ಅಂದರು. ಏನು ಕರ್ಮ! ಸಾಲ ಮಂಜೂರು ಮಾಡುವುದಕ್ಕೂ ಸಾವ್ಕಾರನಿಗೆ ಮೀಸೆ ಅಂಟಿಸುವುದಕ್ಕೂ ಎಲ್ಲಿಂದೆಲ್ಲಿಯ ಸಂಬಂಧ? ಆಗಲೇ ಸಂಭಾಜಿನಗರದಲ್ಲಿ ಕಲಾಸಂಸ್ಥೆ ನಡೆಸುವವರಿಗಾಗಿ ಶನಿವಾರದ ತರಗತಿಗಳಿವೆ ಎಂದು ಗೊತ್ತಾಯಿತು. ಹೆಸರು ಹಚ್ಚಿದೆ. ಮುಂಜಾನೆಯ ಎಸ್‌ಟಿ ಬಸ್ಸಿನಲ್ಲಿ ತೂಕಡಿಸುತ್ತ ಹೋಗುವುದು, ಸಂಜೆ ತಲೆ ಗಿರ್ರೆನ್ನುತ್ತ ಬರುವುದು.

ಕಲಿಸುತ್ತಿದ್ದ ಮೇಡಂ ಮರಾಠಿಯವರು, ಚುರುಕಿನ ಹೆಂಗಸು. ಮೊದಲ ದಿನವೇ ಬೋರ್ಡಿನ ಮೇಲೆ ಚೌಕಗಳನ್ನು ಬರೆದು, ನಿಮ್ಮ ಸಂಸ್ಥೆಯಲ್ಲಿ ಯಾವ ಕೆಲಸ ಯಾರದು, ತುಂಬಿ ಎಂದರು. ಪೈಠಣದಿಂದ ಬರುತ್ತಿದ್ದ ಭಜನಾ ಮಂಡಳಿಯವರು ಕೂಡ ಪಟಪಟ ತುಂಬಿದರು. ನಾನು ಪೆನ್ನು ಹಿಡಿದು ಕೂತೆ. ನಾಟಕ ಆರಿಸುವುದು, ಕಾಕು. ಕಲಿಸುವುದು, ಕಾಕು. ಬಟ್ಟೆ, ಬಣ್ಣ, ಅಳುವ ಮಕ್ಕಳ ಸಮಾಧಾನ, ಸಿಟ್ಟಾದ ತಾಯಂದಿರ ಸಮಾಧಾನ, ಎಲ್ಲ ಕಾಕು. ಬ್ಯಾಂಕಿನಲ್ಲಿ ನಾವು ವರ್ಗವಾದರೆ ಬೀಗದ ಕೈಯಿಂದ ಹಿಡಿದು ಎಲ್ಲದರ ಚಾರ್ಜ್ ಒಪ್ಪಿಸಿ ಸಹಿ ಹಾಕಿಯೇ ಬಸ್ಸು ಹತ್ತುವವರು. ಇಡೀ ಜನ್ಮ ವರ್ಗಾವಣೆಯಲ್ಲೇ ಕಳೆದ ನಮ್ಮ ಮಂದಿಯಲ್ಲಿ ಒಬ್ಬರಿಗಾದರೂ ಕಾಕುವಿನಿಂದ ಚಾರ್ಜ್ ತಗೊಳ್ಳಬೇಕು ಅನಿಸಲಿಲ್ಲ. ಆಕೆಗೆ ಎಲ್ಲಿಯ ವರ್ಗಾವಣೆ, ಆಕೆ ಇದ್ದೇ ಇರುತ್ತಾರೆ ಎಂದುಕೊಂಡಿದ್ದೆವು.

ನಾಲ್ಕಾರು ಶನಿವಾರ ಕಳೆದ ಮೇಲೆ ಅವರವರ ತಂಡದ ವಿಡಿಯೋ ತೋರಿಸುವ ಸರದಿ ಬಂತು. ನಾನು ತಾಲೀಮಿನದು ಹಾಕಿದೆ. ಮೇಡಂಗೆ ಕನ್ನಡದ ಗಂಧವಿಲ್ಲ. ಸುಮ್ಮನೆ ಕೇಳಿಸಿಕೊಂಡವರು ಹಿಂದಿಯಲ್ಲಿ ಕೇಳಿದರು: "ಇಷ್ಟು ಚಿಕ್ಕ ಮಕ್ಕಳು ಮಾತಿನ ನಡುವೆ ಹೀಗೆ ಉಸಿರು ಯಾಕೆ ಎಳೆಯುತ್ತಾರೆ? ಅದೂ ಎಲ್ಲರೂ ಒಂದೇ ಥರ? ಇದು ನಿಮ್ಮ ಕಡೆಯ ಪದ್ಧತಿಯಾ?"

ಪದ್ಧತಿ ಎಲ್ಲಿಂದ ಬರಬೇಕು? ಕಾಕುಗೆ ದಮ್ಮು ಇತ್ತು. ಉಸಿರು ಸಾಲದೆ ಎಲ್ಲೆಂದರಲ್ಲಿ ನಿಲ್ಲುತ್ತಿದ್ದರು. ಮಕ್ಕಳು ಅದನ್ನೂ ಮಾತಿನ ಭಾಗವೆಂದೇ ತಿಳಿದು ಬಾಯಿಪಾಠ ಮಾಡಿದ್ದವು. ಬೀಗನ ಪಾತ್ರದ ಹುಡುಗನಂತೂ ಒಂದು ಕಡೆ ಎರಡು ಸಲ ಕೆಮ್ಮುತ್ತಿದ್ದ. ನೆಗಡಿ ಎಂದುಕೊಂಡು ನಾನು ಅವನ ತಾಯಿಗೆ ಕಷಾಯ ಕುಡಿಸಲು ಹೇಳಿದ್ದೆ! ಅಲ್ಲಿಯವರೆಗೆ ಕಾಕುವಿನ ಮಾತಿನ ರಾಗವೆಂದಷ್ಟೇ ಕೇಳಿಸಿಕೊಂಡಿದ್ದದ್ದು ಉಬ್ಬಸವೆಂದು ಗೊತ್ತಾಯಿತು, ಅವತ್ತಿನಿಂದ ನನಗೆ ಬೇರೇನೂ ಕೇಳಿಸದಂತಾಯಿತು. ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕದ ಸೀಟಿನ ಮುದುಕಿ ನಿದ್ದೆಯಲ್ಲಿ ಉಸಿರೆಳೆದರೆ ತಿರುಗಿ ನೋಡುತ್ತಿದ್ದೆ. ಬ್ಯಾಂಕಿನಲ್ಲಿ ಕೌಂಟರಿನ ಆಚೆ ಯಾರೋ ಮಾತು ನಿಲ್ಲಿಸಿದರೆ ಬರೆಯುವುದನ್ನು ಬಿಟ್ಟು ಮುಖ ಎತ್ತುತ್ತಿದ್ದೆ. ತಾಲೀಮಿನಲ್ಲಂತೂ ಕೂರಲಾಗುತ್ತಿರಲಿಲ್ಲ. ಜೀವ ತುಂಬಿ ತುಳುಕುವ ಮಕ್ಕಳ ಬಾಯಲ್ಲಿ ಸತ್ತವರ ಉಬ್ಬಸ.

ಅಷ್ಟರಲ್ಲಿ ಸಂಭಾಜಿನಗರದ ಕನ್ನಡ ಕುಟುಂಬಗಳವರು ನಮ್ಮ ನಾಟಕವನ್ನು ತಮ್ಮ ಊರಿನಲ್ಲಿ ಆಡಲು ಕರೆದರು. ಹೊರಗಿನವರು ಕರೆದದ್ದು ಅದೇ ಮೊದಲು. ಮಾತು ಹೀಗೆ ತುಂಡು ತುಂಡಾದರೆ ಯಾರಿಗೆ ಅರ್ಥವಾದೀತು? ಮೇಡಂಗೆ ಕಾಕಾನ ವಿಷಯ ಹೇಳಿದೆ. ಅವರು ಕೇಳಿ, "ನಿಮಗೆ ತಂಡ ಬೇಕೋ, ಸ್ಮಾರಕ ಬೇಕೋ, ನೀವೇ ನೋಡಿ," ಎಂದರು. ನನಗೆ ರೇಗಿತು. ಬೋರ್ಡಿನ ಮುಂದೆ ನಿಂತು ಹೇಳುವುದು ಸುಲಭ. ಆ ಮನುಷ್ಯನ ಕಿವಿಯಿಂದ ಹೆಂಡತಿಯನ್ನು ಕಿತ್ತುಕೊಳ್ಳುವುದು ಯಾವ ಚೌಕದಲ್ಲಿ ಬರುತ್ತದೆ, ಹೇಳಲಿ ನೋಡೋಣ! ಆದರೆ ಅವರ ಮಾತು ಖರೇ ಇತ್ತು, ರೇಗಿದ್ದೂ ಅದಕ್ಕೇ.

ಮುಂದಿನ ಭಾನುವಾರ ಮಕ್ಕಳನ್ನು ನಿಲ್ಲಿಸಿ ಸುಮ್ಮನೆ ಶುರು ಮಾಡಿದೆ. ಹೇಳುವುದನ್ನು ಒಂದೇ ಉಸಿರಿಗೆ ಹೇಳಿ, ನಡುವೆ ನಿಲ್ಲಬೇಡಿ, ಎಂದೆ. ಅವಕ್ಕೆ ಆಗಲಿಲ್ಲ. ಉಸಿರು ತೆಗೆದರೆ ಮಾತೇ ಮರೆತುಹೋಗುತ್ತಿತ್ತು. ಸಾವ್ಕಾರನ ಹೆಂಡತಿಯ ಪಾತ್ರದ ಆ ಹತ್ತು ವರ್ಷದ ಹುಡುಗಿ ಮುಖ ಸಣ್ಣದು ಮಾಡಿಕೊಂಡು, "ಆದ್ರ ಕಾಕು ಅಸಂಚ್ ಸಾಂಗಿತಲಂ ನಾ?" ಎಂದಳು. ಕಾಕು ಹೀಗೇ ಹೇಳಿಕೊಟ್ಟಿದ್ದಾರಲ್ಲ ಎಂದು. ಹಿಂದಿನ ಗೋಡೆಯ ಕಡೆ ನೋಡುವ ಧೈರ್ಯ ನನಗಿರಲಿಲ್ಲ.

ಕುರ್ಚಿ ಸರಿದ ಸದ್ದಾಯಿತು. ಕಾಕಾ ಎದ್ದು ಬಂದು ಹುಡುಗಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತರು.

"ಅದು ನಾಟಕದಾಗ ಇಲ್ಲವ್ವಾ. ಅದು ನಮ್ಮಾಕಿ ದಮ್ಮು," ಎಂದರು. "ಆಕಿ ಬ್ಯಾನಿ ನಿನಗ್ಯಾಕ? ನೀ ಗಟ್ಟಿ ಅದಿ, ಸರಳ ಹೇಳು. ನಾ ಹೇಳ್ತೀನಿ, ಎಲ್ಲಿ ನಿಂದರಬಾರ್ದು ಅಂತ."

ಆಮೇಲೆ ಅವರು ಮಾಡಿದ್ದನ್ನು ನಾನು ಸಾಯುವತನಕ ಮರೆಯುವುದಿಲ್ಲ. ಒಬ್ಬೊಬ್ಬ ಹುಡುಗನನ್ನೂ ಹುಡುಗಿಯನ್ನೂ ಎದುರಿಗೆ ನಿಲ್ಲಿಸಿಕೊಂಡು, ಮಾತು ಮಾತಿಗೆ ಬೆರಳೆತ್ತಿ, ಇಲ್ಲಿ ಬ್ಯಾಡ, ಇಲ್ಲಿ ಬ್ಯಾಡ, ಎಂದು ತೆಗೆಸುತ್ತ ಹೋದರು. ಕೆಮ್ಮು ತೆಗೆಸಿದಾಗ ಮಕ್ಕಳು ನಕ್ಕವು, ಅವರೂ ನಕ್ಕರು. ನನಗೆ ಅಳು ತಡೆಯಲಾಗದೆ ಕಿಟಕಿಯ ಹತ್ತಿರ ಹೋಗಿ ನಿಂತೆ. ನನ್ನ ಕಿವಿಯ ಮುಂದೆಯೇ ಕಾಕು ಆ ಹಾಲ್‌ನಿಂದ ಸ್ವಲ್ಪ ಸ್ವಲ್ಪವಾಗಿ ಹೊರಟುಹೋಗುತ್ತಿದ್ದರು.

ಸಾವ್ಕಾರನ ಹೆಂಡತಿ ಬೀಗರನ್ನು ಬರಮಾಡಿಕೊಳ್ಳುವ ಒಂದು ಮಾತಿಗೆ ಬಂದು ಕಾಕಾ ತಡವರಿಸಿದರು. "ಬರ್ರಿ ಬೀಗರೇ, ಕೂಡ್ರಿ. ಊಟಾ..." ಎಂದು ಹುಡುಗಿ ಉಸಿರೆಳೆದು ನಿಂತು, "ಮಾಡ್ಕೊಂಡೇ ಬಂದಿರಬೇಕಲ್ಲ?" ಎನ್ನುತ್ತಾಳೆ. ಕಾಕಾನ ಬೆರಳು ಅರ್ಧಕ್ಕೇ ನಿಂತಿತು.

"ಇಲ್ಲಿ ಬೇಕಂತ ನಿಂದ್ರತಿದ್ಳೋ, ದಮ್ಮಿಗೆ ನಿಂದ್ರತಿದ್ಳೋ," ಎಂದು ನನ್ನ ಕಡೆ ತಿರುಗಿದರು. "ನನಗ ಗೊತ್ತಿಲ್ಲ ತಂಗೀ. ಎಂದೂ ಕೇಳ್ಲಿಲ್ಲ. ಈಗ ಯಾರ್ನ ಕೇಳ್ಲಿ?"

ಹುಡುಗಿ ಇಬ್ಬರ ಮುಖವನ್ನೂ ನೋಡುತ್ತ, ನಿಲ್ಲಲೋ ಬೇಡವೋ, ಎಂದು ಕೇಳುತ್ತಲೇ ಇದ್ದಳು. ಉಸ್ತುವಾರಿ ನನ್ನದಲ್ಲವೇ? ಇರಲಿ ಬಿಡು, ನಿಲ್ಲು, ಎಂದೆ.

ಸಂಭಾಜಿನಗರಕ್ಕೆ ಕಾಕಾನನ್ನು ಕರೆಯಲು ನನಗೆ ಬಾಯಿ ಬರಲಿಲ್ಲ. ಅವರೇ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಸ್ಸಿನ ಹತ್ತಿರ ಬಂದು ನಿಂತಿದ್ದರು. ಅಲ್ಲಿ ಮುಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತರು, ಈ ಸಲ ಕಣ್ಣು ಮುಚ್ಚಲಿಲ್ಲ. ಮಕ್ಕಳು ಚೆನ್ನಾಗಿ ಮಾತಾಡಿದವು, ತಮ್ಮ ತಮ್ಮ ದನಿಯಲ್ಲಿ. ಬೀಗರು ಬಂದರು. ಹುಡುಗಿ, "ಊಟಾ..." ಎಂದು ನಿಂತಳು. ಬೀಗರ ಮುಖ ಅರಳಿತು. "ಮಾಡ್ಕೊಂಡೇ ಬಂದಿರಬೇಕಲ್ಲ?" ಎಂದಳು. ಇಡೀ ಸಭೆ ಗೊಳ್ಳೆಂದು ನಕ್ಕಿತು. ಹಿಂದಿನ ಸಾಲಿನಲ್ಲಿ ಯಾರೋ ಸೀಟಿ ಹಾಕಿದರು.

ಕಾಕಾ ನಗಲಿಲ್ಲ. ನಗು ಇಳಿಯುವವರೆಗೆ ಕಾದು ನನ್ನ ಕಡೆ ಬಗ್ಗಿದರು.

"ನಗಸಲಾಕೇ ನಿಂದ್ರತಿದ್ಳು ತಂಗೀ," ಎಂದರು. "ಮನ್ಯಾಗ ನಾಟಕ ಕಟ್ಟುವಾಗ ಈ ಮಾತು ಅಂದಾಗೊಮ್ಮೆ, ದಮ್ಮು ಬಂತಂತ ನಾ ತಂಬಿಗಿ ನೀರ್ ಹಿಡಕೊಂಡು ಓಡ್ತಿದ್ದೆ. ಆಕಿ ಕೆಂಡಾಮಂಡಲ ಆಗ್ತಿದ್ಳು. ಬ್ಯಾನಿಯಾಕಿ, ಸಿಟ್ಟು ಜಾಸ್ತಿ ಅಂತ ನಾ ಸುಮ್ನಾಗ್ತಿದ್ದೆ. ಒಂದ್ಸಲಾನೂ ನಗಲಿಲ್ಲ ನಾ."